ಬಚ್ಚಲ ಕಟ್ಟೆಯ ಬಣ್ಣದ ಸಿಪ್ಪೆ

ಇದನ್ನು ಬರೆಯುತ್ತೇನೆ ಎಂದು ಲಕ್ಷ್ಮೇಶ್ವರದ ಗೆಳೆಯರಿಗೆ ಮಾತು ಕೊಟ್ಟು ಬಹಳ ದಿನವಾಯಿತು. ಬೆಟಗೇರಿ ಹೇಗಿದೆ, ಹೊಂದಿಕೊಂಡೆಯಾ ಎಂದು ಕೇಳಿದವರಿಗೆಲ್ಲ ನೀರಿನ ತಾಪತ್ರಯ ಹೇಳಿದೆ, ಮಗ್ಗದ ಸದ್ದು ಹೇಳಿದೆ, ಮಿರ್ಚಿ ಬಜಿಯ ರುಚಿ ಹೇಳಿದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ. ಮೊದಲು ಚಳಿ ಹೋಗಲಿ ಎಂದೆ, ಕೈ ನಡುಗುತ್ತದೆ. ಆಮೇಲೆ ರಮಜಾನ್ ಮುಗಿಯಲಿ ಎಂದೆ. ಆಮೇಲೆ ನೆವವೇ ಉಳಿಯಲಿಲ್ಲ, ಆದರೂ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಧೈರ್ಯ ಬಂದಿದೆ ಎಂದಲ್ಲ. ಹೋದ ತಿಂಗಳು ನಮ್ಮೂರಿನ ಒಂದು ಮದುವೆಯಲ್ಲಿ ಅದೇ ವಿಷಯಕ್ಕೆ ಇನ್ನೊಮ್ಮೆ ತಪ್ಪಿದೆ. ಇನ್ನು ಸುಮ್ಮನಿದ್ದರೆ ಸುಮ್ಮನೇ ಹೋಗಿಬಿಡುತ್ತೇನೆ.

ಬೆಟಗೇರಿಗೆ ಬಂದ ದಿನ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ಕೈ. ನನ್ನ ಸಾಮಾನು ಇಳಿಸಲು ಬಂದಿದ್ದ ಹುಡುಗರು ಹೊರಗಿನ ಖೋಲಿಯಲ್ಲಿ ಕೂತಿದ್ದರು. ಹಾಗಾಗಿ ಸೊಸೆ ಒಳಬಾಗಿಲ ಪರದೆಯ ಆಚೆಯಿಂದಲೇ ಚಹಾದ ಬಸಿ ಚಾಚಿದಳು. ಪರದೆಯಿಂದ ಹೊರಗೆ ಕಂಡದ್ದು ಆ ಕೈಯಷ್ಟೇ. ಹೆಬ್ಬೆರಳಿನ ಉಗುರಿನ ಮೇಲೆ ಲಕ್ಕುಂಡಿಯ ಗುಡಿಯ ಕಲ್ಲುಕಿಟಕಿಯಂಥ ಕಪ್ಪು ಜಾಲರಿ. ಪಕ್ಕದ ಬೆರಳಿಗೆ ನವಿಲುಗರಿ. ನಡುಬೆರಳಿಗೆ ಸೀರೆಯ ಪಟ್ಟೆದಂಚು, ಚೌಕಳಿ ಸಮೇತ. ಕಿರುಬೆರಳಿಗೆ ಸಾಸಿವೆ ಕಾಳಿನಷ್ಟು ಬಿಳಿ ಹೂ. ಜೀವಮಾನವೆಲ್ಲ ಹೆಂಗಸರ ಕೈ ನೋಡಿದವನು ನಾನು. ಇಂಥ ಕೈ ನೋಡಿರಲಿಲ್ಲ. ಬಸಿ ಇಸಿದುಕೊಳ್ಳಲು ಹಿಂಜರಿದೆ.

"ಅಬ್ಬಾ, ಚಾ ತಗೋರಿ. ಆರತೈತಿ."

ನಾನು ಮಗನ ಕಡೆ ತಿರುಗಿದೆ. "ಇದೇನೋ ರಫೀಕ, ಕೈಗೆ ಹುಳಾ ಹತ್ಯಾವೇನು?"

ಹುಡುಗರು ಗೊಳ್ಳೆಂದರು. ರಫೀಕನೂ ನಕ್ಕ. "ಡಿಸೈನ್ ಅಬ್ಬಾ, ಡಿಸೈನ್. ತಾನ ಮಾಡತಾಳು. ಇಡೀ ಓಣಿ ಈಕಿ ಮುಂದ ಕೈ ಚಾಚತೈತಿ."

ಪರದೆಯ ಆಚೆಯೂ ಒಂದು ಸಣ್ಣ ನಗೆ ಕೇಳಿತು. ನನ್ನನ್ನು ನೋಡಿಯೇ ನಕ್ಕಳು ಎಂದುಕೊಂಡೆ. ಚಹಾ ಕುಡಿಯದೆ ಬಸಿಯನ್ನು ಕಿಟಕಿಯಲ್ಲಿಟ್ಟೆ.

ನನ್ನನ್ನು ಅರಿಯದವರೂ ಇದನ್ನು ಓದಬಹುದು, ಅವರಿಗಾಗಿ ಹೇಳುತ್ತೇನೆ. ನಾನು ಲಕ್ಷ್ಮೇಶ್ವರದ ಬಳೆಗಾರ. ಹೈಸ್ಕೂಲು ಮುಗಿಸಿದ್ದೇ ಅಪ್ಪ ಹೆಗಲಿಗೆ ಮಲಾರ ಹಾಕಿದ. ಮಲಾರ ಅಂದರೆ ಹಗ್ಗಕ್ಕೆ ಕೋದ ಬಳೆಯ ಗೊಂಚಲು. ಅದನ್ನು ಹೊತ್ತು ಯಳವತ್ತಿಗೆ, ಶಿರಹಟ್ಟಿಗೆ, ಸುತ್ತಲಿನ ಹಳ್ಳಿಗಳಿಗೆ ತಿರುಗಿದೆ. ಆಮೇಲೆ ಬಜಾರಿನಲ್ಲಿ ಸಣ್ಣ ಅಂಗಡಿ ಹಾಕಿದೆ. ಎಲ್ಲ ಜಾತಿಯ ಮನೆಯ ಅಂಗಳದಲ್ಲೂ ನನಗೆ ಮಣೆ ಇತ್ತು. ಬಳೆ ಇಡಲು ಒಂದು ಹಿಡಿತವಿದೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಹಿಡಿದರೆ ಕೈ ಮೀನಿನ ಹಾಗೆ ಸಣ್ಣದಾಗುತ್ತದೆ. ಹೆಣ್ಣುಮಗಳು ನೋವಿಗೆ ಕೈ ಎಳೆದುಕೊಂಡರೂ ಆ ಹಿಡಿತದಿಂದ ತಪ್ಪಿಸಿಕೊಳ್ಳಲಾಗದು. ತಪ್ಪಿಸಿಕೊಂಡರೆ ಬಳೆ ಒಡೆದು ಗಾಜು ಚುಚ್ಚುತ್ತದೆ, ಅದಕ್ಕೇ ಆ ಹಿಡಿತ. ಹೆಂಡತಿ ತೀರಿಕೊಂಡ ಮೇಲೆ ನನ್ನ ಕೈ ನಡುಗಲು ಶುರುವಾಯಿತು. ಒಂದು ದಿನ ಬಾಣಂತಿಯೊಬ್ಬಳ ಮಣಿಕಟ್ಟಿಗೆ ಗಾಜು ಹೊಕ್ಕಿತು. ಮರುದಿನ ನಾನು ಅಂಗಡಿ ತೆರೆಯಲಿಲ್ಲ. ರಫೀಕ ಬಂದು ಕರೆದುಕೊಂಡು ಹೋದ.

ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಬಸ್ಸಿನಲ್ಲಿ ಒಂದು ಹೊತ್ತಿನ ದಾರಿಯೂ ಇಲ್ಲ. ಅದೇನು ಪರದೇಶವೇ ಎಂದು ನೀವು ನಗಬಹುದು. ಅರವತ್ತೈದು ದಾಟಿದ ಮೇಲೆ ಓಣಿ ಬದಲಾದರೂ ಪರದೇಶವೇ. ಅಲ್ಲಿ ನನ್ನ ಮನೆಗೆ ಅಂಗಳವಿತ್ತು, ಬೇವಿನ ನೆರಳಿತ್ತು. ಇಲ್ಲಿ ಎರಡು ಖೋಲಿ, ಹಿತ್ತಲಲ್ಲಿ ಮೂರು ಮನೆಗೆ ಒಂದು ಬಚ್ಚಲ ಕಟ್ಟೆ. ಅಲ್ಲಿ ಬೆಳಗಾಗುವುದು ಮಸೀದಿಯ ಬಾಂಗಿನ ಕೂಗಿನಿಂದ. ಇಲ್ಲಿ ಬಾಂಗಿಗೂ ಮೊದಲೇ ಪಕ್ಕದ ಮನೆಯ ಕುಣಿ ಮಗ್ಗ ಏಳುತ್ತಿತ್ತು. ಕುಣಿ ಮಗ್ಗ ಅಂದರೆ ನೆಲದಲ್ಲಿ ತೋಡಿದ ತಗ್ಗಿನಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಅದರ ಖಟಕ್ ಖಟಕ್ ಗೋಡೆ ದಾಟಿ ನನ್ನ ತಲೆದಿಂಬಿಗೆ ಬಡಿಯುತ್ತಿತ್ತು. ನಲ್ಲಿಯಂತೂ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬಂದ ದಿನ ಇಡೀ ಓಣಿ ಕೊಡ ಹಿಡಿದು ಜಗಳಕ್ಕೆ ನಿಲ್ಲುತ್ತದೆ. ಜೋಳದ ರೊಟ್ಟಿ ಅಲ್ಲಿಯದೇ, ಬದನೆಕಾಯಿ ಪಲ್ಯ ಅಲ್ಲಿಯದೇ, ಆದರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಲಕ್ಷ್ಮೇಶ್ವರದಲ್ಲಿ ನಾನು ಬಳೆಗಾರ ಮಾಮಾ. ಮಸೀದಿಯಲ್ಲಿ, ಬಜಾರಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಹೆಸರು. ಇಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: "ಇವರ ಗೊತ್ತಾಗಲಿಲ್ಲೇನು? ಉಗುರಿನ ಅಕ್ಕಾನ ಮಾವನೋರು."

ಉಗುರಿನ ಅಕ್ಕಾ ಎಂದರೆ ನನ್ನ ಸೊಸೆ. ಬೆಳಿಗ್ಗೆ ಓಣಿಯ ಸಣ್ಣ ಹುಡುಗಿಯರು ಅವಳ ಹತ್ತಿರ ಸಬಕ್ ಓದಲು ಬರುತ್ತಿದ್ದರು, ಅಂದರೆ ಕುರಾನಿನ ಪಾಠ. ಹೊರಗಿನ ಖೋಲಿಯಲ್ಲಿ ಸಾಲಾಗಿ ಕೂತು ತೂಗುತ್ತಾ ಓದುತ್ತಿದ್ದರು. ಆ ಹೊತ್ತಿನಲ್ಲಿ ಆಕೆಯ ಮುಖ ಬೇರೆಯೇ ಇರುತ್ತಿತ್ತು. ಯಾವ ಮಗುವಿನ ನಾಲಿಗೆ ಯಾವ ಅಕ್ಷರಕ್ಕೆ ತೊಡರುತ್ತದೆ ಎಂದು ರೊಟ್ಟಿ ತಟ್ಟುವಾಗಲೂ ರಫೀಕನಿಗೆ ಹೇಳುತ್ತಿದ್ದಳು. ಅದು ಆಕೆಯ ಪ್ರಾಣ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ ಎಂಬುದನ್ನು ಮರೆಯಬೇಡಿ.

ಮಧ್ಯಾಹ್ನದಿಂದ ಸಂಜೆಯವರೆಗೆ ಅದೇ ಖೋಲಿಯಲ್ಲಿ ಉಗುರಿನ ಕೆಲಸ. ಮೊಬೈಲಿನಲ್ಲಿ ನೋಡಿ ಕಲಿತದ್ದಂತೆ. ಒಂದು ತೆಳ್ಳನೆಯ ತಗಡು, ಅದರಲ್ಲಿ ಹೂಬಳ್ಳಿ, ಹಕ್ಕಿ, ಜಾಲರಿಗಳನ್ನು ಸಣ್ಣಗೆ ಕೊರೆದಿರುತ್ತಾರೆ. ಆ ಕೊರೆತದ ಮೇಲೆ ಬಣ್ಣ ಸುರುವಿ, ಹಳೆಯ ಕಾರ್ಡಿನ ಅಂಚಿನಿಂದ ಒಮ್ಮೆ ಕೆರೆದರೆ ಮೇಲಿನದು ಹೋಗಿ ಕೊರೆತದೊಳಗಿನ ಬಣ್ಣ ಮಾತ್ರ ಉಳಿಯುತ್ತದೆ. ಅದನ್ನು ಮೆತ್ತನೆಯ ರಬ್ಬರಿಗೆ ಒತ್ತಿ ಎತ್ತಿಕೊಂಡು, ಆರುವ ಮೊದಲೇ ಉಗುರಿನ ಮೇಲೆ ಉರುಳಿಸಬೇಕು. ಓಣಿಯವರು ಇದಕ್ಕೆ ಸಿಕ್ಕಾ ಹೊಡೆಯುವುದು ಎನ್ನುತ್ತಿದ್ದರು, ಕಚೇರಿಯ ಸಿಕ್ಕಾದ ಹಾಗೆ. ಹೊಸ ತಗಡು ಬಂದರೆ ಮೊದಲು ತನ್ನ ಉಗುರಿನ ಮೇಲೆ ಹೊಡೆದು ನೋಡುತ್ತಿದ್ದಳು. ಆ ಕೈಯೇ ಆಕೆಯ ಅಂಗಡಿಯ ಫಲಕ. ಕಾಲೇಜಿನ ಹುಡುಗಿಯರು, ನೇಕಾರರ ಮನೆಯ ಸೊಸೆಯಂದಿರು, ಮದುವಣಗಿತ್ತಿಯರು, ಎಲ್ಲ ಬರುತ್ತಿದ್ದರು. ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ನಾನು ಹಿಡಿಯುತ್ತಿದ್ದ ಕೈಗಳನ್ನು ಈಗ ಆಕೆ ಹಿಡಿದಿದ್ದಳು. ಆ ಕೈಗಳಲ್ಲಿ ಗಾಜಿನ ಬಳೆ ಇರುತ್ತಿರಲಿಲ್ಲ.

ಪಕ್ಕದ ಮನೆಯ ಶಂಕ್ರವ್ವ ಮಗ್ಗದ ಯಜಮಾನಿ, ನನ್ನ ವಯಸ್ಸಿನವಳು. ನನ್ನ ಮುಖ ನೋಡಿ ಒಂದು ದಿನ ಕೇಳಿಯೇ ಬಿಟ್ಟಳು.

"ಬಳಿಗಾರಣ್ಣಾರ, ಯಾಕ ಮಾರಿ ಗಂಟ ಹಾಕ್ಕೊಂಡ ಕುಂತೀರಿ? ಸೊಸಿ ಮಂದಿ ಕೈ ಹಿಡೀತಾಳಂತ ಸಿಟ್ಟೇನು? ನೀವ ಹಿಡದ ಕೈ ಲೆಕ್ಕಾ ಇಟ್ಟಾರೇನು ಯಾರರ?"

"ಬಳಿ ಮುತ್ತೈದಿತನದ್ದು ಶಂಕ್ರವ್ವಾ. ಇದು ಬರೇ ಥಳಕು. ಉಗುರಿಗೆ ಬಣ್ಣಾ ಬಳಿಯೂದು ನಮ್ಮಾಗ ನಡಿಯೂದಿಲ್ಲ."

"ಹೌದನ? ನಿಮ್ಮ ರಫೀಕನ ಉಗುರ ನೋಡೀರಿಲ್ಲ? ನೀಲಿ ಅಂದ್ರ ನೀಲಿ."

ರಫೀಕ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದ. "ಅದು ದುಡಿಮಿ ಬಣ್ಣ" ಎಂದೆ.

"ಹಂಗಾರ ಇದ್ಯಾವ ಬಣ್ಣರಿ ಮತ್ತ? ಆಟದ್ದೇನು?"

ಬಾಗಿಲಲ್ಲಿದ್ದ ಹುಡುಗಿಯರು ನಕ್ಕರು. ಆ ನಗೆಯ ಸಿಟ್ಟನ್ನು ಮನೆಯೊಳಗೆ ತೆಗೆದುಕೊಂಡು ಹೋದೆ.

ಜಗಳಕ್ಕೆ ವಾಸನೆ ಸಿಕ್ಕಿತು. ಹಳೆಯ ಬಣ್ಣ ಒರೆಸಲು ಆಕೆ ಒಂದು ಸೀಸೆ ಇಟ್ಟಿದ್ದಳು. ಮುಚ್ಚಳ ತೆಗೆದರೆ ಪೆಟ್ರೋಲಿನಂಥ ಘಾಟು ಎರಡೂ ಖೋಲಿಗೆ ಹರಡುತ್ತಿತ್ತು. ಹೊರಗೆ ಹೋಗಿ ಕೂರಬಹುದಿತ್ತು, ಹೋಗಲಿಲ್ಲ. ಗಿರಾಕಿಗಳ ಎದುರಿಗೇ ಸೀಸೆ ಕಸಿದು ಒಯ್ದು ಚರಂಡಿಗೆ ಸುರುವಿದೆ. "ನನ್ನ ಉಸಿರ ಕಟ್ಟಿ ಕೊಲ್ಲಬೇಕಂತ ಮಾಡೀಯೇನು? ಈ ಹೊಲಸ ವಾಸನಿ ಇನ್ನೊಮ್ಮಿ ಬಂದ್ರ ಲಕ್ಷ್ಮೇಶ್ವರದ ಬಸ್ಸ ಹಿಡೀತೇನಿ ನೋಡು."

ಆಕೆ ಕೂತಲ್ಲಿಂದ ಎದ್ದು ನಿಂತಳು. "ಆತು ಅಬ್ಬಾ. ನಾಳಿಂದ ವಾಸನಿ ಬರೂದಿಲ್ಲ. ನೀವ ಎಲ್ಲಿಗೂ ಹೋಗಬ್ಯಾಡ್ರಿ."

ಮರುದಿನದಿಂದ ವಾಸನೆ ಬರಲಿಲ್ಲ. ಹೊಸ ಊರಿನಲ್ಲಿ ಅದು ನನ್ನ ಮೊದಲ ಗೆಲುವು. ಹೇಗೆ ನಿಲ್ಲಿಸಿದೆ ಎಂದು ನಾನು ಕೇಳಲಿಲ್ಲ. ಗೆದ್ದವನು ಯಾಕೆ ಕೇಳುತ್ತಾನೆ?

ಅದಾದ ಮೇಲೆ ಬಚ್ಚಲ ಕಟ್ಟೆಯ ಮೇಲೆ ಬಣ್ಣದ ಸಿಪ್ಪೆ ಬೀಳತೊಡಗಿದವು. ಈರುಳ್ಳಿಯ ಒಳಪೊರೆಯಷ್ಟು ತೆಳು, ಕೆಂಪು, ಹಸಿರು, ಒಮ್ಮೊಮ್ಮೆ ಅರ್ಧ ಹೂ, ಅರ್ಧ ಹಕ್ಕಿ. ಮುಂಜಾನೆ ನಾನು ವಜೂಗೆ, ಅಂದರೆ ನಮಾಜಿನ ಮೊದಲು ಕೈಕಾಲು ಮುಖ ತೊಳೆಯಲು ಹೋದಾಗ ಕಾಲಿಗೆ ಅಂಟುತ್ತಿದ್ದವು. ಪರಕೆ ಹಿಡಿದು ಬಯ್ಯುತ್ತಾ ಬಳಿಯುತ್ತಿದ್ದೆ. ಓಣಿಗೆ ಕೇಳಲಿ ಎಂದೇ ಬಯ್ಯುತ್ತಿದ್ದೆ. ನೀರಿಲ್ಲದ ಊರಿನಲ್ಲಿ ಆಕೆ ಬಚ್ಚಲಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾಳೆ ಎಂಬುದೂ ನನ್ನ ತಕರಾರಾಗಿತ್ತು. ಬದನಾ ಅಂದರೆ ಮೂತಿಯ ತಂಬಿಗೆ, ವಜೂಗೆ ಬಳಸುವುದು. "ಒಂದ ಬದನಾ ನೀರಿನ್ಯಾಗ ಹಜರತ ಪೈಗಂಬರರ ಕಾಲದಾಗ ಇಡೀ ಮನಿ ವಜೂ ಮಾಡತಿತ್ತು" ಎಂದು ಗೋಡೆಗೆ ಹೇಳುತ್ತಿದ್ದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮಾಜಿಗೆ ನಿಲ್ಲುವವರ ಉಗುರಿಗೂ ನೀರು ತಾಗಬೇಕು. ಮೆಹಂದಿಗೆ ಅಡ್ಡಿಯಿಲ್ಲ, ಅದು ಒಳಗೆ ಇಳಿಯುವ ಬಣ್ಣ. ರಫೀಕನ ನೂಲಿನ ಬಣ್ಣವೂ ಹಾಗೆಯೇ. ಪಾಲಿಶ್ ಮಾತ್ರ ಉಗುರಿನ ಮೇಲೆ ಮುಚ್ಚಳದಂತೆ ಕೂರುತ್ತದೆ, ನೀರನ್ನು ತಡೆಯುತ್ತದೆ. ಅದು ಇದ್ದರೆ ವಜೂ ಆಗದು, ವಜೂ ಇಲ್ಲದೆ ನಮಾಜ್ ಆಗದು. ಇಷ್ಟನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲವು. ಮಧ್ಯಾಹ್ನ ಆಕೆಯ ಉಗುರಿನ ಮೇಲೆ ನವಿಲು ನೋಡುತ್ತಿದ್ದೆ. ಸಂಜೆ ಪರದೆಯ ಹಿಂದೆ ಆಕೆ ನಮಾಜಿನ ಚಾಪೆ ಹಾಸುವ ಸದ್ದು ಕೇಳುತ್ತಿದ್ದೆ. ನಡುವೆ ಒರೆಸುವ ಔಷಧದ ವಾಸನೆ ಬರುತ್ತಿರಲಿಲ್ಲ. ವಾಸನೆ ಇಲ್ಲವೆಂದರೆ ಒರೆಸುತ್ತಿಲ್ಲ, ಒರೆಸದೆ ನಮಾಜಿಗೆ ನಿಲ್ಲುತ್ತಾಳೆ, ಅದೇ ಕೈಯಿಂದ ಬೆಳಿಗ್ಗೆ ಮಕ್ಕಳಿಗೆ ಕುರಾನ್ ಮುಟ್ಟಿಸುತ್ತಾಳೆ. ನನ್ನ ತರ್ಕ ಇಷ್ಟು ಚೊಕ್ಕವಾಗಿತ್ತು. ರಾತ್ರಿ ಆಕೆ ರೊಟ್ಟಿ ಹಾಕುವಾಗ ಒಮ್ಮೆ ಆ ಬೆರಳುಗಳನ್ನು ನೋಡಿದ್ದರೆ ಸಾಕಿತ್ತು. ಆದರೆ ಊಟದ ಹೊತ್ತಿಗೆ ಹೇಸಿಕೆಯಿಂದ ಆ ಕೈ ನೋಡುತ್ತಿರಲಿಲ್ಲ. ತಾಟನ್ನೇ ನೋಡುತ್ತಿದ್ದೆ.

ಓಣಿಯ ಒಂದು ಮಗುವಿಗೆ ಬಿಸ್ಮಿಲ್ಲಾ ಇತ್ತು. ಮಗು ಮೊದಲ ಪಾಠ ಓದುವ ದಿನ ಅದು. ಹೂವಿನ ಹಾರ, ಹೊಸ ಬಟ್ಟೆ, ಮಿಠಾಯಿ. ಯಾರ ಬಾಯಿಂದ ಮೊದಲ ಅಕ್ಷರ ಕೇಳಬೇಕು ಎಂಬುದು ಮನೆಯವರ ಆಸೆ, ಅವರು ನನ್ನ ಸೊಸೆಯನ್ನು ಆರಿಸಿದ್ದರು. ಇಳಿಹೊತ್ತಿನ ಅಸರ್ ನಮಾಜ್ ಮುಗಿದ ಮೇಲೆ ನಮ್ಮ ಖೋಲಿ ತುಂಬಿತು. ಮಗುವಿನ ಅಜ್ಜಿ, ತಾಯಿ, ಸಬಕಿಗೆ ಬರುವ ಹುಡುಗಿಯರು, ಅವರ ತಾಯಂದಿರು, ಬಾಗಿಲಲ್ಲಿ ಶಂಕ್ರವ್ವ. ರಫೀಕ ಕೆಲಸದಿಂದ ಬಂದಿರಲಿಲ್ಲ. ಮಧ್ಯಾಹ್ನವೆಲ್ಲ ಗಿರಾಕಿಗಳಿದ್ದರು, ಆಕೆ ಅವಸರದಲ್ಲಿ ಬಚ್ಚಲಿಗೆ ಹೋಗಿ ಬಂದು ನಮಾಜ್ ಮುಗಿಸಿ ತಲೆಗೆ ಸೆರಗು ಹೊದ್ದು ಕೂತಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಎಲ್ಲರೂ ನನಗೂ ಸಲಾಮ್ ಹೇಳಿದರು. ಮಗುವಿನ ಅಜ್ಜಿ ಒಂದು ಮಾತು ಹೆಚ್ಚಿಗೆ ಹೇಳಿದಳು. "ಪುಣ್ಯಾ ಮಾಡೀರಿ ಭಾಯೀಜಾನ್. ಇಂಥ ಸೊಸಿ ಸಿಕ್ಕಾಳು. ಉಗುರಿನ ಅಕ್ಕಾ ಅಂದ್ರ ಗದಗದ ಮಟ ಗೊತ್ತು."

ಆಕೆ ಪುಸ್ತಕಕ್ಕೆ ಕೈ ಚಾಚಿದಳು. ಕಿರುಬೆರಳಿನ ಉಗುರಿನ ಮೂಲೆಯಲ್ಲಿ ಒಂದು ಗೆರೆ ಕೆಂಪು ಕಂಡಿತು.

ನಾನು ಎದ್ದು ಹೋಗಿ ಆ ಕೈ ಹಿಡಿದೆ. ಮಾವ ಸೊಸೆಯ ಕೈ ಹಿಡಿಯುವುದು ನಮ್ಮಲ್ಲಿ ಇಲ್ಲ, ನಿಮ್ಮಲ್ಲೂ ಇರಲಾರದು. ಆಕೆ ಎಳೆದುಕೊಂಡಳು. ನಾನು ಹೆಬ್ಬೆರಳು ಮಡಿಸಿ, ಗೆಣ್ಣು ಒತ್ತಿ, ಬಳೆಗಾರನ ಹಿಡಿತ ಹಿಡಿದೆ. ಹೆಂಡತಿ ತೀರಿಕೊಂಡಾಗಿನಿಂದ ನಡುಗುತ್ತಿದ್ದ ಕೈ ಆಗ ನಡುಗಲಿಲ್ಲ. ಆ ಕಿರುಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿದೆ.

"ನೋಡ್ರಿ ಎಲ್ಲಾರೂ. ಇದ ಪಾಲಿಶ್ ಹಚಗೊಂಡ ಐದೂ ಹೊತ್ತ ನಮಾಜ್ ಮಾಡತಾಳು ಈಕಿ. ವಜೂನ ಇಲ್ಲ, ನಮಾಜ್ ಎಲ್ಲೀದು? ಇಂಥ ಕೈಯಿಂದ ನಿಮ್ಮ ಮಕ್ಕಳಿಗೆ ಕುರಾನ್ ಹಿಡಸತೀರೇನು?"

ಅಜ್ಜಿ ಬಗ್ಗಿ ಬೆರಳು ನೋಡಿದಳು. "ಖರೇನವ್ವಾ?"

ಆಕೆ ಅಜ್ಜಿಗೆ ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದಳು. "ಅಬ್ಬಾ, ಕೈ ಬಿಡ್ರಿ. ಕೂಸು ಅಂಜೇತಿ."

ಮಗು ಅಳಲು ಶುರುಮಾಡಿತ್ತು. ಬಿಟ್ಟೆ. ಆಕೆ ಮಗುವನ್ನು ತಾಯಿಗೆ ಕೊಟ್ಟು ಒಳಗೆ ಹೋದಳು. ಅಜ್ಜಿ ಹಾರವನ್ನು ಮಗುವಿನ ಕೊರಳಿಂದ ತೆಗೆದು ಮಿಠಾಯಿಯ ತಟ್ಟೆಯ ಮೇಲಿಟ್ಟು ವಸ್ತ್ರ ಮುಚ್ಚಿದಳು. "ಇನ್ನೊಂದ ದಿನಾ ನೋಡೋಣಂತ ತಗೋರಿ" ಎಂದಳು. ಆ ಇನ್ನೊಂದು ದಿನ ಬರಲಿಲ್ಲ. ಮರುದಿನ ಬೆಳಿಗ್ಗೆ ಸಬಕಿಗೆ ಇಬ್ಬರು ಹುಡುಗಿಯರು ಬಂದರು. ಅದರ ಮರುದಿನ ಯಾರೂ ಬರಲಿಲ್ಲ. ಆಕೆ ಚಾಪೆ ಹಾಸಿಕೊಂಡು ಬಾಗಿಲ ಕಡೆ ನೋಡುತ್ತಾ ಕೂತಿದ್ದಳು. ಆಮೇಲೆ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದಳು. ಮಸೀದಿಯಲ್ಲಿ ಇಬ್ಬರು ಹಿರಿಯರು ನನ್ನ ಬೆನ್ನು ತಟ್ಟಿದರು. ಬೆಟಗೇರಿಯಲ್ಲಿ ನನಗೆ ಮೊದಲ ಸಲ ಜಾಗ ಸಿಕ್ಕಿದ ಹಾಗಾಯಿತು. ಆ ಸಂಜೆ ಮಿರ್ಚಿ ಬಜಿ ತಿಂದೆ, ರುಚಿಯಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಕೆಲ ದಿನ ಕಳೆದ ಮೇಲೆ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದೆ. ಶಂಕ್ರವ್ವ ಮಗ್ಗದಿಂದ ಎದ್ದು ಬಂದು ಎದುರಿಗೆ ಕುಕ್ಕರಿಸಿದಳು. ನನ್ನ ಮುಂದೆ ಕೈ ಚಾಚಿದಳು. ನೂಲು ಹಿಡಿದು ಸವೆದ ಬೆರಳು, ಉಗುರಿನ ಮೇಲೆ ತಾನೇ ನೇಯುವ ಸೀರೆಯ ಅಂಚು.

"ನಿಮ್ಮ ಸೊಸಿ ಮಾಡಿದ್ದು. ಆವತ್ತಿನ ಮೊದಲ. ಈಗ ನೋಡ್ರಿ."

ಹೆಬ್ಬೆರಳಿನ ಉಗುರಿನ ಬುಡಕ್ಕೆ ಇನ್ನೊಂದು ಉಗುರು ತಾಗಿಸಿ ಎತ್ತಿದಳು. ಬಣ್ಣ, ಅಂಚು, ಹೊಳಪು, ಎಲ್ಲ ಒಂದೇ ಪೊರೆಯಾಗಿ ಎದ್ದುಬಂತು. ಅಡಿಯಲ್ಲಿ ಬರಿಯ ಉಗುರು, ತೊಳೆದಿಟ್ಟ ಹಾಗೆ. ಪೊರೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ಬಣ್ಣದ ಅಡಿಯಾಗ ಬಿಳಿ ಅಂಟು ಹಚ್ಚತಾಳು. ಮಕ್ಕಳು ಕಾಗದ ಅಂಟಸೂ ಅಂಟು, ನೀರ ಕಲಸಿ. ಅದು ಆರಿದ ಮ್ಯಾಲ ಬಣ್ಣಾ. ಎಣ್ಣಿ ಬ್ಯಾಡ, ಔಷಧ ಬ್ಯಾಡ, ವಾಸನಿ ಇಲ್ಲ. ನೀವ ಸೀಸೆ ಚೆಲ್ಲಿದ್ರೆಲ್ಲ, ಅವತ್ತ ರಾತ್ರಿ ಕುಂತ ಮೊಬೈಲನ್ಯಾಗ ಹುಡುಕಿ ತಗದಾಳು. ಯಾಕಂತ ಕೇಳಿದ್ದಕ್ಕ, ಮಾವನೋರಿಗೆ ವಾಸನಿ ಆಗೂದಿಲ್ಲ, ಊರು ಬಿಟ್ಟು ಬಂದಾರ, ಅವರು ತಿರುಗಿ ಹೋಗಬಾರದು ಅಂದ್ಲು."

ನಾನು ಅಂಗೈ ನೋಡುತ್ತಿದ್ದೆ.

"ಪ್ರತಿ ನಮಾಜಿನ ಮೊದಲ ಈ ಬಚ್ಚಲದಾಗ ನಿಂತು ಒಂದೊಂದ ಬೆರಳ ಸುಲದ, ಆಮ್ಯಾಲ ನೀರ ಮುಟ್ಟತಿದ್ಲು. ನಾ ಕೊಡಾ ಹಿಡಕೊಂಡು ಕಾಯಕೋತ ನಿಂತಿರತಿದ್ನಿ, ನನಗ ಗೊತ್ತು. ಅವತ್ತ ಅವಸರದಾಗ ಕಿರುಬೆರಳ ಮೂಲ್ಯಾಗ ಒಂದ ಚೂರ ಉಳದಿತ್ತು, ಅಷ್ಟ. ನೀವ ದಿನಾ ಮುಂಜಾನೆ ಪರಕಿ ಹಿಡದ ಬಳೀತಿದ್ರೆಲ್ಲ ಬಳಿಗಾರಣ್ಣಾರ, ಏನಂತ ತಿಳಕೊಂಡಿದ್ರಿ ಅದನ್ನ?"

"ಮತ್ತ ಅವತ್ತ ಆಕಿ ಯಾಕ ಬಾಯಿ ಬಿಡಲಿಲ್ಲ?"

"ನಾನೂ ಬೈದೆ, ಯಾಕ ಸುಮ್ಮಕಾದಿ ಹುಚ್ಚಿ ಅಂತ. ಏನಂದ್ಲು ಗೊತ್ತೈತೇನು? ಅವರಿಗೆ ಈ ಊರಾಗ ಯಾರೂ ಇಲ್ಲ ಶಂಕ್ರವ್ವಾ, ಅಷ್ಟ ಮಂದಿ ಮುಂದ ಅವರ ಮಾತ ಸುಳ್ಳ ಮಾಡಿದ್ರ ನಾಳಿಂದ ಅವರು ಎಲ್ಲಿ ಹೋಗಿ ಕುಂಡ್ರಬೇಕು ಅಂದ್ಲು."

ಶಂಕ್ರವ್ವ ಎದ್ದು ಸೀರೆ ಕೊಡವಿಕೊಂಡಳು. "ಹೋಗಿ ಹೇಳ್ರಿ ಆ ಮಂದಿಗೆ. ನಾಕ ಮನಿ ಅದಾವು. ನಿಮ್ಮ ಬಾಯಿಂದ ಹೋಗಿದ್ದು, ನಿಮ್ಮ ಬಾಯಿಂದನ ಬರಬೇಕು." ಆಕೆ ಒಳಗೆ ಹೋದಳು. ಮಗ್ಗ ಮತ್ತೆ ಶುರುವಾಯಿತು. ಆವತ್ತಿನ ಸದ್ದು ನನಗೇ ಬಡಿಯುತ್ತಿತ್ತು.

ನಾಲ್ಕು ಮನೆ. ಅದೇ ಓಣಿಯಲ್ಲಿ. ನಾನು ಹೋಗಲಿಲ್ಲ. ಅಷ್ಟರಲ್ಲಿ ನನಗೆ ಮಸೀದಿಯಲ್ಲಿ ಸಲಾಮ್ ಹೇಳುವವರು ಹುಟ್ಟಿಕೊಂಡಿದ್ದರು, ಬೆಂಚಿನಲ್ಲಿ ಸರಿದು ಜಾಗ ಕೊಡುವವರಿದ್ದರು. ಆ ಜಾಗ ಹೋದೀತು ಎಂದು ಹೆದರಿದೆ. ಆಕೆ ತನ್ನದನ್ನು ಬಿಟ್ಟುಕೊಟ್ಟು ನನಗೆ ಉಳಿಸಿದ ಜಾಗ ಅದು. ಅದರ ಮೇಲೆ ಕೂತು ಚಹಾ ಕುಡಿದೆ.

ಬದಲಿಗೆ ಬಳೆಗಾರನ ಬುದ್ಧಿ ಓಡಿತು. ಲಕ್ಷ್ಮೇಶ್ವರಕ್ಕೆ ಹೋಗಿ ಹಳೆಯ ಪರಿಚಯದ ಅಂಗಡಿಯಿಂದ ಗಾಜಿನ ಬಳೆ ತಂದೆ, ಹಸಿರು, ಮೇಲೆ ಚುಕ್ಕಿ ಕೊರೆದದ್ದು. ಅಳತೆ ಕೇಳಬೇಕಾಗಿರಲಿಲ್ಲ. ಆವತ್ತು ಹಿಡಿದಾಗಲೇ ನನ್ನ ಬೆರಳಿಗೆ ಗೊತ್ತಾಗಿತ್ತು. ಪೊಟ್ಟಣವನ್ನು ಒಲೆಯ ಕಟ್ಟೆಯ ಮೇಲಿಟ್ಟೆ.

"ಚೊಲೊ ಅದಾವು ಅಬ್ಬಾ" ಎಂದಳು. ಪೊಟ್ಟಣ ಬಿಚ್ಚಲಿಲ್ಲ. ಕಪಾಟಿನಲ್ಲಿ ಇಟ್ಟಳು. ಕೈ ಕೊಡು, ಇಡುತ್ತೇನೆ ಎಂದು ಊರ ಹೆಂಗಸರಿಗೆಲ್ಲ ಹೇಳಿದವನಿಗೆ ಆಕೆಗೆ ಹೇಳುವ ಮುಖ ಇರಲಿಲ್ಲ. ಅವು ಇನ್ನೂ ಹಾಗೇ ಇವೆ, ಕಾಗದದಲ್ಲಿ.

ಆಕೆ ಮನೆಯಲ್ಲಿ ಉಗುರಿನ ಕೆಲಸ ನಿಲ್ಲಿಸಿದಳು. ತಗಡು, ರಬ್ಬರು, ಸೀಸೆಗಳನ್ನು ಒಂದು ಡಬ್ಬಿಗೆ ಹಾಕಿದಳು. ಈಗ ಮದುವೆ ಮನೆಗಳಿಂದ ಕರೆ ಬಂದರೆ ಮಾತ್ರ ಹೋಗುತ್ತಾಳೆ, ಮುಂಡರಗಿಗೆ, ಶಿರಹಟ್ಟಿಗೆ, ಒಮ್ಮೆ ಹೊಳೆದಂಡೆಯ ಸಿಂಗಟಾಲೂರಿಗೂ ಹೋಗಿ ಬಂದಳು. ರಫೀಕನೇ ಬಸ್ಸಿಗೆ ಹತ್ತಿಸಿ ಬರುತ್ತಾನೆ. ನನ್ನೊಡನೆ ಅವನು ಅಗತ್ಯವಿದ್ದಷ್ಟು ಮಾತಾಡುತ್ತಾನೆ. ಆಕೆ ಅಷ್ಟೂ ಮಾತಾಡದಿದ್ದರೂ ರೊಟ್ಟಿ ಬಿಸಿಯಾಗಿಯೇ ಹಾಕುತ್ತಾಳೆ. ಬೆಳಗಿನ ಹೊತ್ತು ಹೊರಗಿನ ಖೋಲಿ ಖಾಲಿ. ಗಿರಾಕಿಗಳಿಲ್ಲ, ಘಾಟಿಲ್ಲ, ನಗೆ ಇಲ್ಲ. ಬಚ್ಚಲ ಕಟ್ಟೆ ಸ್ವಚ್ಛ. ಮನೆ ಹೇಗಿರಬೇಕೆಂದು ನಾನು ಕೂಗಾಡಿದ್ದೆನೋ ಹಾಗೆಯೇ ಇದೆ. ಮುಂಜಾನೆ ವಜೂಗೆ ಹೋದಾಗ ಕಾಲಿಗೆ ಏನಾದರೂ ಅಂಟುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ.

ಹೋದ ತಿಂಗಳು ಲಕ್ಷ್ಮೇಶ್ವರದಲ್ಲಿ ಮದುವೆ. ಮದುಮಗಳ ಅಜ್ಜಿಗೆ, ತಾಯಿಗೆ, ಇಬ್ಬರಿಗೂ ಮದುವೆಯಲ್ಲಿ ಬಳೆ ಇಟ್ಟವನು ನಾನೇ. ಬಾಗಿಲಲ್ಲೇ "ಬಳಿಗಾರ ಮಾಮಾ ಬಂದ್ರು" ಎಂದು ಕೂಗಿದರು. ಎಷ್ಟು ದಿನದ ಮೇಲೆ ಆ ಹೆಸರು! ಎದೆ ಹಗುರಾಯಿತು. ಮದುಮಗಳನ್ನು ನನ್ನ ಹತ್ತಿರ ಕರೆತಂದು ಕೈ ಮುಂದೆ ಮಾಡಿಸಿದರು. ಮೊಣಕೈವರೆಗೆ ಮೆಹಂದಿ, ಮಣಿಕಟ್ಟಿಗೆ ಬಳೆ. ಉಗುರಿನ ಮೇಲೆ ಕಪ್ಪು ಜಾಲರಿ, ನವಿಲುಗರಿ, ಪಟ್ಟೆದಂಚು. ಕಿರುಬೆರಳಿಗೆ ಸಾಸಿವೆ ಕಾಳಿನಷ್ಟು ಬಿಳಿ ಹೂ.

"ಹೆಂಗೈತ್ರಿ ಮಾಮಾ?" ಮದುಮಗಳ ತಾಯಿ ಕೇಳಿದಳು. "ನಿಮ್ಮ ಬೆಟಗೇರಿಯಾಕಿ ಮಾಡಿದ್ದು. ಭಾಳ ನೇಮದ ಹೆಣ್ಣಮಗಳು. ನಮಾಜಿನ ಹೊತ್ತಿಗೆ ಸುಲದ ತಗಿಯಾಕ ಬರೂ ಹಂಗ ಮಾಡಿ, ಹೆಂಗ ತಗೀಬೇಕಂತ ನಮ್ಮ ಹುಡುಗಿ ಕೈ ಹಿಡದ ಕಲಿಸಿ ಹೋದ್ಲು. ನಿಮಗ ಗೊತ್ತಿರಬೇಕಲ್ಲ?"

"ಇಲ್ಲವ್ವಾ" ಎಂದೆ. "ಬೆಟಗೇರಿ ದೊಡ್ಡದೈತಿ."

"ಉಗುರಿನ ಅಕ್ಕಾ ಅಂತಾರಂತ. ಖರೆ ಹೆಸರ ಹೇಳಿದ್ಲು, ಮರತ ಹೋತು. ಏನಿತ್ತ ಅದು? ನಾಲಿಗಿ ಮ್ಯಾಲ ಐತಿ..." ಆಕೆ ಹಣೆ ಒತ್ತಿಕೊಂಡು ನೆನಪಿಸಿಕೊಳ್ಳುತ್ತಾ ನಿಂತಳು. ಪಕ್ಕದವರನ್ನೂ ಕೇಳಿದಳು. ನನ್ನ ನಾಲಿಗೆಯ ಮೇಲೆ ಅದು ಆಗಲೇ ಇತ್ತು. ನಾನು ಮದುಮಗಳ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿ, ಊಟಕ್ಕೆ ಕೂರದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ಬೆಟಗೇರಿ ಎಂದು ಚೀಟಿ ತೆಗೆದುಕೊಂಡೆ. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಕೈಯಲ್ಲಿ ನನ್ನ ಗುರುತು ಹುಡುಕಲು ಹೋಗಿ ಆಕೆಯ ಗುರುತು ಕಂಡು ಓಡಿಬಂದಿದ್ದೆ. ಬೆಟಗೇರಿಯಲ್ಲಿ ನನಗೊಂದು ಬೆಂಚಿನ ಜಾಗವಿದೆ, ಅದು ನನ್ನದಲ್ಲ. ಊರಿಗೆ ತಿರುಗಿ ಬಾ ಎಂದು ನೀವು ಕರೆಯುತ್ತೀರಿ. ಬರಲಾರೆ. ಇಲ್ಲಿ ಹೊಂದಿಕೊಂಡೆಯಾ ಎಂದು ಕೇಳುತ್ತೀರಿ. ಹೊಂದಿಕೊಂಡೆ, ಇನ್ನೊಬ್ಬರ ಜಾಗದಲ್ಲಿ.

ಈಗ ಆಕೆ ಪಕ್ಕದ ಖೋಲಿಯಲ್ಲಿ ಡಬ್ಬಿ ತೆರೆದು ತಗಡುಗಳನ್ನು ಒರೆಸುತ್ತಿದ್ದಾಳೆ. ನಾಳೆ ಮುಂಡರಗಿಯಲ್ಲಿ ಮದುವೆ ಇದೆಯಂತೆ. ನಡುವೆ ಒಂದು ಪರದೆ. ಈ ಮನೆಗೆ ಬಂದಂದಿನಿಂದ ನಾನು ಆಕೆಯನ್ನು ಏ ಹುಡುಗಿ, ಇವಳೇ, ರಫೀಕನ ಹೆಂಡತಿ ಎಂದೇ ಕರೆದಿದ್ದೇನೆ. ಆ ಮದುವೆ ಮನೆಯವರು ಇದನ್ನು ಓದುತ್ತಿದ್ದರೆ, ಸಬಕ್ ಬಿಡಿಸಿದ ತಾಯಂದಿರಿಗೆ ಯಾರಾದರೂ ಓದಿ ಹೇಳಿದರೆ, ನೀವು ಕೇಳಿದ ಹೆಸರು ಇದು. ನನ್ನ ಸೊಸೆ. ಆಕೆಯ ಕೈ ನಮ್ಮೆಲ್ಲರ ಕೈಗಿಂತ ಶುದ್ಧ.

ಮುಬೀನಾ.